‘ಬಾ’ ಎಂಬ ಒಂದಕ್ಷರ

ಕನ್ನಡದಲ್ಲಿ ‘ಬಾ’ ಎಂಬುದಕ್ಕಿಂತ ಆತ್ಮೀಯವಾದ ಕರೆ ಮತ್ತೊಂದಿಲ್ಲ. ಮಕ್ಕಳಿಗೆ, ಒಡಹುಟ್ಟಿದವರಿಗೆ, ಸಲುಗೆಯ ಗೆಳೆಯರಿಗೆ ಅದು ಸಲ್ಲುತ್ತದೆ. ಮನೆಗೆ ಬಂದ ಹಿರಿಯರಿಗೆ ‘ಬರ್ರಿ’, ‘ಬನ್ನಿ’ ಎನ್ನಬೇಕು. ಆದರೆ ಗುಜರಾತಿನಲ್ಲಿ ಇದೇ ಏಕಾಕ್ಷರವು ಪೂಜ್ಯವಾಚಕವಾಗಿದೆ. ಅಲ್ಲಿ ‘ಬಾ’ ಎಂದರೆ ತಾಯಿ. ಕಸ್ತೂರಬಾ ಗಾಂಧಿಯವರನ್ನು ದೇಶದ ಜನ ‘ಬಾ’ ಎಂದೇ ಕರೆದರು.

ನಮಗೆ ಪರಿಚಿತರಾದ ಸದ್ಭಕ್ತರ ಮನೆತನವೊಂದಕ್ಕೆ ಗುಜರಾತಿನ ಸೊಸೆ ಬಂದಿದ್ದಾರೆ. ಅವರ ಕೂಸು ತಾಯಿಯ ತವರಿನ ರೂಢಿಯಂತೆ ಅಜ್ಜಿಯನ್ನು ‘ಬಾ’ ಎನ್ನತೊಡಗಿತು. “ಶಾಸ್ತ್ರಿಗಳ, ಆಯಿ ಅನ್ನೂದು ಬಿಟ್ಟು ಬರೇ ಬಾ ಬಾ ಅಂತದರಿ” ಎಂದು ಆ ತಾಯಿ ನಮ್ಮೆದುರು ದೂರಿದರು. ಅರ್ಥ ತಿಳಿಸಿದ ಮೇಲೆ ಕೂಸು ಕರೆದೊಡನೆ ಮೊಣಕಾಲುನೋವನ್ನೂ ಮರೆತು ಎದ್ದು ಹೋಗತೊಡಗಿದರು. ಎರಡು ಭಾಷೆಗಳ ಅರ್ಥವೂ ಒಮ್ಮೆಗೇ ನೆರವೇರಿದಂತಾಯಿತು!

ಪೂರ್ವಕ್ಕೆ ಸಾಗಿದರೆ, ವಿಯೆಟ್ನಾಮಿನಲ್ಲಿ ‘ಬಾ’ ಎಂದರೆ ಮೂರು. ದಕ್ಷಿಣ ಭಾಗದವರಿಗೆ ತಂದೆಯೂ ಹೌದು. ಚೀನಾದಲ್ಲಿ ಸ್ವರದ ಏರಿಳಿತವೇ ಅರ್ಥವನ್ನು ನಿರ್ಣಯಿಸುತ್ತದೆ. ಎತ್ತರದ ಸಮಸ್ವರದಲ್ಲಿ ನುಡಿದರೆ ಎಂಟು, ಸ್ವರವನ್ನು ಇಳಿಸಿ ನುಡಿದರೆ ತಂದೆ. ಪ್ರಾಚೀನ ಈಜಿಪ್ಟಿನವರು ಮನುಷ್ಯಮುಖದ ಹಕ್ಕಿಯಾಗಿ ಚಿತ್ರಿಸಿದ ಜೀವಾತ್ಮದ ಹೆಸರನ್ನೂ ವಿದ್ವಾಂಸರು ‘ಬಾ’ ಎಂದೇ ಓದುತ್ತಾರೆ.

ಇಂತಹ ಹೋಲಿಕೆಗಳನ್ನು ಕಲೆಹಾಕಿ, ಜಗತ್ತಿನ ಭಾಷೆಗಳೆಲ್ಲ ನಮ್ಮ ನುಡಿಯಿಂದಲೇ ಹುಟ್ಟಿದವೆಂದು ಸಾಧಿಸುವ ಉತ್ಸಾಹಿಗಳು ನಮ್ಮಲ್ಲಿದ್ದಾರೆ. ಅಭಿಮಾನ ಒಳ್ಳೆಯದೇ, ಆದರೆ ಧ್ವನಿಯೊಂದೇ ಸಾಕ್ಷಿಯಾದರೆ ಚೀನಾದ ಎಂಟಕ್ಕೂ ನಮ್ಮ ಕರೆಗೂ ನೆಂಟಸ್ತನ ಹೇಳಬೇಕಾದೀತು. ಹಸುಗೂಸು ತುಟಿ ಕೂಡಿಸಿ ಬಿಟ್ಟರೆ ಹೊರಡುವುದು ‘ಮಾ’, ‘ಪಾ’, ‘ಬಾ’ಗಳೇ. ಅದನ್ನು ಒಂದೆಡೆ ತಾಯಿ, ಇನ್ನೊಂದೆಡೆ ತಂದೆ ತನ್ನ ಹೆಸರೆಂದು ಸ್ವೀಕರಿಸಿದ್ದಾರೆ.

ನಿಜವಾದ ಬಳಗವನ್ನು ಗುರುತಿಸುವ ಕ್ರಮವೇ ಬೇರೆ. 1856ರಲ್ಲಿ ಕಾಲ್ಡ್‌ವೆಲ್ಲರು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದಾಗಿನಿಂದ ಈ ಶಾಸ್ತ್ರ ಬಹಳ ಬೆಳೆದಿದೆ. ತಮಿಳರು ‘ಬಾ’ ಎನ್ನುವುದಿಲ್ಲ, ‘ವಾ’ ಎನ್ನುತ್ತಾರೆ. ಕೇಳಲು ಬೇರೆ; ಆದರೆ ನಮ್ಮ ಬಾಯಿ ಅವರಿಗೆ ವಾಯ್, ಬೇರು ವೇರ್, ಬಿಲ್ಲು ವಿಲ್, ಬಾಳೆ ವಾೞೈ. ಪದದ ಮೊದಲಿನ ನಮ್ಮ ‘ಬ’ಕಾರಕ್ಕೆ ಅಲ್ಲಿ ‘ವ’ಕಾರ ಹೀಗೆ ಸಾಲುಸಾಲಾಗಿ ಎದುರು ನಿಲ್ಲುತ್ತದೆ. ತೆಲುಗಿನ ‘ರಾ’ ಎಂಬುದನ್ನೂ ಪಂಡಿತರು ಇದೇ ಧಾತುವಿಗೆ ಸೇರಿಸುತ್ತಾರೆ. ನಾವು ‘ಬಂದನು’ ಎಂದಲ್ಲಿ ತಮಿಳರು ‘ವಂದಾನ್’ ಎನ್ನುತ್ತಾರೆ. ಗುಜರಾತಿನ ‘ಬಾ’ಗೆ ಇಂತಹ ಒಂದು ರೂಪವೂ ಇಲ್ಲ.