ಭೂಪಟದಲ್ಲಿ ನಾನು ಬರೆದ ಅಂಕೆ

ನಾವು ಕೋಲಾರ ಜಿಲ್ಲೆಯ ಪಟವನ್ನು ಬರೆಯುವಾಗ ನಮ್ಮ ಭೂಗೋಳದ ಉಪಾಧ್ಯಾಯಿನಿಯವರು, “ಊಹಿಸಿ ಗೆರೆ ಎಳೆಯಬೇಡಿರಮ್ಮಾ, ಅದನ್ನು ನಂಬಿ ನಡೆಯುವವರಿರುತ್ತಾರೆ” ಎಂದು ಎಚ್ಚರಿಸುತ್ತಿದ್ದರು. ಆ ಮಾತಿನ ಬೆಲೆಯು ನನಗೆ ತಿಳಿದುದು ಬಹುಕಾಲದ ಮೇಲೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಭೂಪಟವೊಂದುಂಟು. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಇದನ್ನು ನಾನಾ ದೇಶಗಳ ಜನರೇ ಕೂಡಿ ಬರೆಯುತ್ತಾರೆ. ಯಾರು ಬೇಕಾದರೂ ತಿದ್ದಬಹುದು. ರಸ್ತೆಯ ಪ್ರತಿಯೊಂದು ತುಂಡಿಗೂ ಅಲ್ಲಿ ಸಲ್ಲುವ ವೇಗದ ಮಿತಿಯನ್ನು ಗುರುತಿಸಲು ಅದರಲ್ಲಿ ಅವಕಾಶವಿದೆ. ಫೋನಿನಲ್ಲಿ ದಾರಿ ತೋರಿಸುವ ಕೆಲವು ಸಾಧನಗಳು ಆ ಅಂಕೆಯನ್ನೇ ಚಾಲಕರ ಕಣ್ಣಮುಂದೆ ಹಿಡಿಯುತ್ತವೆ.

ಮಾಲೂರಿನ ಮನೆಯಲ್ಲಿ ಕುಳಿತು ನಾನೂ ಈ ಕೆಲಸಕ್ಕೆ ಕೈಹಾಕಿದೆನು. ಸಾಮಾನ್ಯ ರಸ್ತೆಗಳಲ್ಲಿ ಕಾರುಗಳಿಗೆ ಗಂಟೆಗೆ 70 ಕಿಲೋಮೀಟರ್ ಮಿತಿಯೆಂದು ಕೇಂದ್ರ ಸರಕಾರವು 2018ರಲ್ಲಿ ಪ್ರಕಟಿಸಿದುದನ್ನು ಓದಿದ್ದೆನು. ಅದನ್ನೇ ನೆಚ್ಚಿ, ಶ್ರೀನಿವಾಸಪುರದ ಕಡೆಯ ಒಂದು ರಸ್ತೆಗೆ ಉದ್ದಕ್ಕೂ 70 ಎಂದು ಬರೆದುಬಿಟ್ಟೆನು. ರಾಜ್ಯವು ಸ್ಥಳಕ್ಕೆ ತಕ್ಕಂತೆ ಇನ್ನೂ ಕಡಮೆ ಮಿತಿಯನ್ನು ಗೊತ್ತುಮಾಡಬಹುದೆಂಬುದನ್ನು ಗಮನಿಸಲಿಲ್ಲ.

ಜೂನ್ ತಿಂಗಳ ಒಂದು ಸಂಜೆ, ಮಾವಿನಹಣ್ಣಿನ ಲಾರಿಗಳ ನಡುವೆ, ಮಗಳು ಅದೇ ರಸ್ತೆಯಲ್ಲಿ ಕಾರು ನಡೆಸುತ್ತಿದ್ದಳು. ಹುಣಿಸೆಯ ಕೊಂಬೆಯ ಮರೆಯಲ್ಲಿ, ಕೆಂಪು ಬಳೆಯೊಳಗೆ 30 ಎಂದು ಬರೆದ ಫಲಕವು ನನ್ನ ಕಣ್ಣಿಗೆ ಬಿದ್ದಿತು. “ನಿಧಾನ, ಮಗೂ!” ಎಂದು ಕೂಗಿದೆನು. ತಿರುವಿನಾಚೆ ಶಾಲೆಯ ಮಕ್ಕಳು ಗುಂಪಾಗಿ ರಸ್ತೆ ದಾಟುತ್ತಿದ್ದರು. ದೇವರ ದಯೆಯಿಂದ ಕಾರು ನಿಂತಿತು. ಮಗಳು ಫೋನನ್ನು ತೋರಿಸಿ, “ಇಲ್ಲಿ 70 ಎಂದಿದೆಯಲ್ಲಾ ಅಮ್ಮಾ” ಎಂದಳು. ಬರೆದವಳು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ವೇಗವು ಇಮ್ಮಡಿಯಾದರೆ, ಬ್ರೇಕು ಹಾಕಿದ ಮೇಲೆ ವಾಹನವು ಸಾಗುವ ದೂರವು ನಾಲ್ಮಡಿಯಾಗುತ್ತದೆ. ಕಾಲ್ನಡೆಯವರೂ ವಾಹನಗಳೂ ಬೆರೆಯುವೆಡೆ 30 ಕಿಲೋಮೀಟರಿನ ಮಿತಿಯಿರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆಯು ಹೇಳಿರುವುದು ಸುಮ್ಮನೆ ಅಲ್ಲ.

ಮಾರನೆಯ ದಿನವೇ ಅಲ್ಲಿಗೆ ಮರಳಿ ಹೋದೆನು. ಶಾಲೆಯ ಆಚೆ ಈಚೆ ಇದ್ದ ಎರಡು ಫಲಕಗಳನ್ನೂ ನೋಡಿ, ಅವುಗಳ ನಡುವಣ ರಸ್ತೆಯನ್ನು ಪಟದಲ್ಲಿ ಬೇರೆ ತುಂಡುಮಾಡಿ 30 ಎಂದು ತಿದ್ದಿದೆನು. ಕಣ್ಣಾರೆ ಕಂಡ ದಿನವನ್ನೂ ನಮೂದಿಸಿದೆನು. ಊಹೆಯಿಂದ ಬರೆದಿದ್ದ ಉಳಿದ ಅಂಕೆಗಳನ್ನು ಅಳಿಸಿದೆನು. ಆ ರಾತ್ರಿ ಮಗಳಿಗೆ ನಿಜವನ್ನು ಹೇಳಿದೆನು.

ಕೋಲಾರ, ಮುಳಬಾಗಿಲುಗಳಲ್ಲಿಯೂ ದೂರದ ಊರುಗಳಲ್ಲಿಯೂ ಇರುವ ಸೋದರಿಯರೇ, ಚಾಲಕರನ್ನು ಕಟ್ಟುವುದು ದಾರಿಬದಿಯ ಫಲಕವೇ ಹೊರತು ಪಟವಲ್ಲ. ಆದರೂ ಪಟವನ್ನು ನಂಬಿ ನಡೆಯುವವರಿದ್ದಾರೆ. ನಿಮ್ಮೂರಿನ ಶಾಲೆಯ ಮುಂದಿನ ಫಲಕವನ್ನು ಒಮ್ಮೆ ನಿಂತು ನೋಡಿರಿ. ನೋಡಿದುದನ್ನು ಮಾತ್ರ ಬರೆಯಿರಿ.