ಒಂದೇ ದಾರಿಯ ಮೂರು ಊರುಗಳು

ಸೋದರಿಯರೇ, ರಾಯಚೂರು ಜಿಲ್ಲೆ ಅಂದರೆ ಬರೀ ಬಿಸಿಲು ಅಂತ ಮೂಗು ಮುರಿಯಬೇಡಿ. ಚಳಿಗಾಲದಲ್ಲಿ ಒಮ್ಮೆ ಲಿಂಗಸುಗೂರಿನಿಂದ ಮಸ್ಕಿ ಮೇಲೆ ಹಾಯ್ದು ಸಿಂಧನೂರಿಗೆ ಬಸ್ಸಿನಲ್ಲಿ ಬನ್ನಿ. ರಸ್ತೆ ಒಂದೇ, ಕಿವಿಗೆ ಬೀಳುವ ಭಾಷೆ ಎಷ್ಟು ನೋಡ್ರಿ!

ಲಿಂಗಸುಗೂರು ನಿಜಾಮರ ಸೀಮೆಯಲ್ಲಿ ದಂಡು ಬೀಡುಬಿಟ್ಟಿದ್ದ ಊರು. ಕನ್ನಡದ ಜೊತೆಗೆ ಉರ್ದು ಮಾತೂ ಇಲ್ಲಿ ಬಹಳ ಹಳೆಯದು. ಇದೇ ತಾಲೂಕಿನ ಮುದಗಲ್ಲಿನ ಮೊಹರಂ ದೊಡ್ಡ ಹೆಸರಿನದು. ಹಿಂದೂ ಹೆಣ್ಣುಮಕ್ಕಳೂ ಹರಕೆ ಹೊತ್ತು ಅಲಾಯಿ ದೇವರಿಗೆ ಸಕ್ಕರೆ ಓದಿಸುತ್ತಾರೆ.

ಮುಂದೆ ಮಸ್ಕಿ. ಬಂಗಾರದ ಗಣಿ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನಿಗೆ 1915ರಲ್ಲಿ ಇಲ್ಲಿಯ ಗುಡ್ಡದಲ್ಲಿ ಅಶೋಕನ ಶಾಸನ ಸಿಕ್ಕಿತು. ಅಶೋಕನ ಹೆಸರನ್ನೇ ಬರೆದ ಶಾಸನ ಮೊದಲು ದೊರೆತದ್ದು ಇಲ್ಲೇ. ಧರ್ಮದಿಂದ ನಡೆದರೆ ಸಣ್ಣವನೂ ಎತ್ತರಕ್ಕೆ ಏರಬಲ್ಲ, ಅದು ದೊಡ್ಡವರಿಗಷ್ಟೇ ಅಂತ ತಿಳಿಯಬೇಡಿ ಎಂಬುದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತಿದು!

ಸಿಂಧನೂರಿಗೆ ಬಂದರೆ ಹಸಿರೋ ಹಸಿರು. ತುಂಗಭದ್ರಾ ಅಣೆಕಟ್ಟಾಗಿ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಭೂಮಿ ಕೊಂಡರು. ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ಅವರು ನೆಲೆನಿಂತ ಜಾಗಗಳಿಗೆ 'ಕ್ಯಾಂಪ್' ಅಂತ ಹೆಸರಾಯಿತು. 1971ರ ಬಾಂಗ್ಲಾ ಯುದ್ಧದ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಮನೆಮಠ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೂ ಸರ್ಕಾರ ಇಲ್ಲೇ ಜಮೀನು ಕೊಟ್ಟಿತು. ಅವು ಆರ್.ಎಚ್. ಕ್ಯಾಂಪುಗಳು. ನವರಾತ್ರಿಯಲ್ಲಿ ಅಲ್ಲಿ ದುರ್ಗಾಪೂಜೆ ನಡೆಯುತ್ತದೆ.

ಆದರೆ 'ಅವರು ಕ್ಯಾಂಪಿನವರು' ಅನ್ನುವಾಗ ನಮ್ಮ ದನಿ ಬದಲಾಗುತ್ತದಲ್ಲ, ಅದು ಯಾಕೆ? ಮೀನಿನ ವಾಸನೆ, ತಿಳಿಯದ ಭಾಷೆ ಅಂತ ದೂರವಿಡುತ್ತೇವೆ. ನಮ್ಮವರ ನೋವೂ ಸುಳ್ಳಲ್ಲ: ಅಗ್ಗಕ್ಕೆ ಮಾರಿದ ಹೊಲ ಇನ್ನೊಬ್ಬರ ಕೈಯಲ್ಲಿ ಬಂಗಾರ ಬೆಳೆದರೆ ಹೊಟ್ಟೆ ಉರಿಯದೇ? ಆದರೆ ಅಲ್ಲೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಏನು ತಪ್ಪು ಮಾಡಿದ್ದಾಳೆ? ಬಂಗಾಳಿ ಕ್ಯಾಂಪಿನ ಕೆಲವರ ಕೈಗೆ ಪೌರತ್ವದ ಪತ್ರ ಬಂದದ್ದೇ 2024ರಲ್ಲಿ!

ಈ ರೋಗ ನಮ್ಮೊಬ್ಬರದಲ್ಲ. ಬೇರೆ ಬೇರೆ ದೇಶದವರು ಸೇರಿ ಕಟ್ಟಿದ ಅಮೆರಿಕದಲ್ಲೂ 1942ರಲ್ಲಿ ಜಪಾನಿ ಮೂಲದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿ, ಮುಳ್ಳುತಂತಿಯ ಕ್ಯಾಂಪುಗಳಲ್ಲಿ ಕೂಡಿಹಾಕಿದರು. ಅವರಲ್ಲಿ ಹೆಚ್ಚಿನವರು ಅಲ್ಲೇ ಹುಟ್ಟಿದ ಪ್ರಜೆಗಳು. ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ. ನಮ್ಮಲ್ಲಿ ಮುಳ್ಳುತಂತಿಯಿಲ್ಲ, ನಿಜ. ಮಾತಿನ ಮುಳ್ಳು ಮಾತ್ರ ಇದೆ.

ದಸರೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಪೂಜೆಗೆ ಬಂದ ಹೆಣ್ಣುಮಗಳನ್ನು 'ಯಾವೂರವ್ವ?' ಅಂತ ಕೇಳಿ. ಆಕೆ 'ಸಿಂಧನೂರು' ಅಂದರೆ, 'ಅದಲ್ಲವ್ವ, ನಿಮ್ಮ ಮೂಲ ಊರು?' ಅಂತ ಮಾತ್ರ ಮರಳಿ ಕೇಳಬೇಡಿ.