ಹೆಬ್ಬೆಟ್ಟು ಒತ್ತಿದ್ರೆ ಒಪ್ಪಿಗೆ ಆಯ್ತಾ? (ಫೀಲ್ಡ್ ವರ್ಕ್ ಸರಣಿ – 6)

ಈ ಸಲದ ಫೋಟೋದಲ್ಲಿ ಯಾರ ಮುಖವೂ ಇಲ್ಲ, ಬರೀ ಇಂಕ್ ಪ್ಯಾಡ್. ಮುಂದಿನ ವಾರ ನಮ್ಮ ಕ್ಲಾಸ್‌ನವರು ಕೋಲಾರದಿಂದ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಗೆ ಸರ್ವೇಗೆ ಹೊರಟಿದ್ದೀವಲ್ಲ, ಅದಕ್ಕೇ ಇದನ್ನ ಬರೀತಿದ್ದೀನಿ.

ಒಪ್ಪಿಗೆ ಪತ್ರ ಓದಿ ಹೇಳಿ, ಸಹಿನೋ ಹೆಬ್ಬೆಟ್ಟೋ ತಗೊಂಡ್ರೆ ಮುಗೀತು ಅಂತ ಎಲ್ಲರೂ ಅಂದ್ಕೊಳ್ತಾರೆ. ಆದ್ರೆ "ಬೇಡ" ಅನ್ನೋಕೆ ಆಗದೇ ಇರೋರು "ಹೂಂ" ಅಂದ್ರೆ ಅದನ್ನ ಒಪ್ಪಿಗೆ ಅಂತ ಹೇಗೆ ಕರೆಯೋದು?

ಮಾಲೂರು ಕಡೆಯ ಇಟ್ಟಿಗೆ ಗೂಡನ್ನೇ ನೋಡಿ. ಮಾಲೀಕರ ಪರ್ಮಿಷನ್ ತಗೊಂಡೇ ಒಳಗೆ ಹೋಗಬೇಕು. ಮುಂಗಡ ತಗೊಂಡು ದುಡೀತಿರೋ ಕುಟುಂಬದ ಪಕ್ಕದಲ್ಲಿ ಮೇಸ್ತ್ರಿ ನಿಂತು "ಹೇಳಮ್ಮ, ಕೇಳಿದ್ದಕ್ಕೆ ಹೇಳು" ಅಂದ್ರೆ, ಆಯಮ್ಮ ಉತ್ತರ ಕೊಡೋದು ನಮಗಲ್ಲ, ಮೇಸ್ತ್ರಿಗೆ. ಊರೊಳಗೆ ಪಂಚಾಯ್ತಿ ಮೆಂಬರ್ ಕರ್ಕೊಂಡು ಹೋಗಿ ಮನೆ ತೋರಿಸಿದ್ರೂ ಇದೇ ಕಥೆ. ಮನೆ ಬಿಲ್ಲು, ಪಿಂಚಣಿ ಎಲ್ಲಾ ಅವರ ಕೈಲಿದೆ ಅಂತ ನಂಬಿರೋ ಅಜ್ಜಿ ಇಲ್ಲ ಅಂತಾರಾ? ದಾರಿ ತೋರಿಸಿದವರಿಗೆ ಥ್ಯಾಂಕ್ಸ್ ಹೇಳಿ ಕಳಿಸಿ, ಆಮೇಲೆ ಕೇಳಿ.

ಇನ್ನು ಭಾಷೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತಾಡೋದು ತೆಲುಗು. ನಮ್ಮ ಪತ್ರದಲ್ಲಿರೋದು "ಗೌಪ್ಯತೆ", "ಸ್ವಇಚ್ಛೆ" ಅನ್ನೋ ಪುಸ್ತಕದ ಕನ್ನಡ. ಮರ್ಯಾದೆಗೆ ತಲೆ ಆಡಿಸ್ತಾರೆ, ಅಷ್ಟೆ. ಆರೋಗ್ಯ ಸಂಶೋಧನೆಗೆ ಅಂತ ಐಸಿಎಂಆರ್ 2017ರಲ್ಲಿ ತಂದ ಮಾರ್ಗಸೂಚಿ ಪ್ರಕಾರ, ಓದು ಬಾರದವರ ಹೆಬ್ಬೆಟ್ಟು ತಗೊಳ್ಳುವಾಗ ಸಂಶೋಧನೆಗೆ ಸಂಬಂಧ ಇಲ್ಲದ, ಓದು ಬಲ್ಲ ಒಬ್ಬ ಸಾಕ್ಷಿ ಇರಬೇಕು. 7 ರಿಂದ 18 ವರ್ಷದ ಮಕ್ಕಳಾದ್ರೆ ಅಪ್ಪ-ಅಮ್ಮನ ಒಪ್ಪಿಗೆ ಜೊತೆ ಮಗುವಿನ ಸಮ್ಮತಿಯೂ ಬೇಕು. ನಮ್ಮ ಸರ್ವೇಗೂ ಇದೇ ಅಳತೆ ಇಟ್ಕೊಳ್ಳೋಣ.

ಬರೀ ಪ್ರಶ್ನೆ ತಾನೇ, ಏನಾಗುತ್ತೆ ಅನ್ನೋರಿಗೆ ಒಂದು ವಿಷಯ. 2000ದ ಮಾರ್ಚ್ 11ರಂದು, ಆಗ ನಮ್ಮ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನ ಸುಟ್ಟು ಕೊಂದ್ರು. ಸಾಕ್ಷಿಗಳು ಕೋರ್ಟಲ್ಲಿ ಪ್ರತಿಕೂಲವಾದ್ರು. 2006ರಲ್ಲಿ ಆರೋಪಿಗಳು ಖುಲಾಸೆ ಆದ್ರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡೀತು. ಕೋರ್ಟಿನ ಸಾಕ್ಷಿಗೂ ನಮ್ಮ ಪ್ರಶ್ನಾವಳಿಗೂ ತುಂಬಾ ದೂರ, ಒಪ್ತೀನಿ. ಆದ್ರೆ ಬಾಯಿ ಬಿಟ್ಟವರು ಸಂಜೆ ಅದೇ ಊರಲ್ಲಿ, ಅದೇ ಜನರ ನಡುವೆ ಬದುಕಬೇಕು ಅನ್ನೋದು ಎರಡು ಕಡೆಗೂ ನಿಜ. ನಾವಾದ್ರೆ ಕೊನೇ ಬಸ್ ಹತ್ತಿ ಬರ್ತೀವಿ.

ಅದಕ್ಕೇ "ಹೆಸರು ಬರೆಯಲ್ಲ" ಅಂದ್ರೆ ಸಾಲದು. ಊರಿನ ಹೆಸರು ಹಾಕಿ "34 ವರ್ಷದ ಅಂಗನವಾಡಿ ಸಹಾಯಕಿ, ವಿಧವೆ" ಅಂತ ರಿಪೋರ್ಟಲ್ಲಿ ಬರೆದ್ರೆ ಊರಲ್ಲಿ ಯಾರಿಗೆ ಗೊತ್ತಾಗಲ್ಲ? ಊರು ಬಿಟ್ಟು ತಾಲ್ಲೂಕು ಮಾತ್ರ ಬರೀರಿ, ವಯಸ್ಸು 30–40 ಅನ್ನಿ, ಬೇಡದ ವಿವರ ಕೇಳಲೇಬೇಡಿ. ಮನೆ ಮುಂದೆ ಸೆಲ್ಫಿ, ಸ್ಟೋರಿ, ಲೊಕೇಶನ್ ಟ್ಯಾಗ್ ಅಂತೂ ಬೇಡವೇ ಬೇಡ.

"ಮಾಕೇಮೊಸ್ತಾದಮ್ಮಾ?" ಅಂತ ಖಂಡಿತ ಕೇಳ್ತಾರೆ. ನಮಗೇನು ಬರುತ್ತೆ ಅಂತ. ಫ್ಲೋರೈಡ್ ನೀರಿನ ಬಗ್ಗೆ, 2018ರಿಂದ ಕೆರೆಗೆ ಬಂದ ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಪ್ರಶ್ನೆ ಕೇಳಿಸ್ಕೊಂಡಿರೋ ಜಿಲ್ಲೆ ಇದು, ಕೇಳೋ ಹಕ್ಕಿದೆ ಅವರಿಗೆ. "ಸರ್ಕಾರಕ್ಕೆ ಹೇಳ್ತೀವಿ" ಅಂತ ಆಸೆ ಹುಟ್ಟಿಸಬೇಡಿ. "ನಿಮಗೆ ನೇರವಾಗಿ ಏನೂ ಬರಲ್ಲ, ನನಗೆ ಮಾರ್ಕ್ಸ್ ಬರುತ್ತೆ, ಗೊತ್ತಾಗಿದ್ದನ್ನ ವಾಪಸ್ ಬಂದು ಹೇಳ್ತೀನಿ" ಅನ್ನಿ. ಹೇಳಿದ್ಮೇಲೆ ಹೋಗಿ. ಡೈರಿಗೆ ಹಾಲು ಹಾಕೋ ಹೊತ್ತು, ಟೊಮ್ಯಾಟೊ ಕೀಳೋ ದಿನ ಬಿಟ್ಟು ಹೋಗಿ.

"ಬೇಡ" ಅಂದವರ ಲೆಕ್ಕಾನೂ ರಿಪೋರ್ಟಲ್ಲಿ ಬರೀರಿ. 50 ಮನೇಲಿ ಒಬ್ಬರೂ ಬೇಡ ಅನ್ನಲಿಲ್ಲ ಅಂದ್ರೆ ಖುಷಿ ಪಡೋಕೆ ಮುಂಚೆ, ಕೇಳುವಾಗ ಪಕ್ಕದಲ್ಲಿ ಯಾರು ನಿಂತಿದ್ರು ಅಂತ ಒಂದ್ಸಲ ನೆನಪಿಸ್ಕೊಳ್ಳಿ.

#ಫೀಲ್ಡ್‌ವರ್ಕ್ #ಕೋಲಾರ #ಒಪ್ಪಿಗೆ